ಕಾಲುಂಗುರಕ್ಕೆ ಗೊತ್ತಾಗದ ವಿಷ

ಕಾಲುಂಗುರ ತಳ ಸೇರಿತ್ತು. ಚಿಕ್ಕಮಾದಮ್ಮ ಕುದಿಯುವ ಪಾತ್ರೆಯಲ್ಲಿ ಸೌಟು ಆಡಿಸಿ, ಮೊಗೆದು, ಸುರಿದು, ಮತ್ತೆ ಮೊಗೆದಳು. ಅಣಬೆ ಬಂತು, ಈರುಳ್ಳಿ ಬಂತು, ಕೊನೆಗೆ ಠಣ್ಣೆಂದು ಉಂಗುರವೂ ಬಂತು. ಸೆರಗಿನಲ್ಲಿ ಒರೆಸಿ ಬೆಳಕಿಗೆ ಹಿಡಿದಳು.

“ನೋಡಮ್ಮಿ ಪ್ರೇಮಾ, ಬೆಳ್ಳಗದೆ! ಒಸಿನೂ ಕಪ್ಪಾಗಿಲ್ಲ. ವಿಸ ಇದ್ದಿದ್ರೆ ಬೆಳ್ಳಿ ಸುಮ್ಗಿರ್ತಿತ್ತಾ? ತಟ್ಟೆ ತಕಂಬಾ.”

ಪ್ರೇಮಾ ಆಗಲೇ ತಟ್ಟೆ ಹಿಡಿದು ನಿಂತಿದ್ದಳು. ಚೊಚ್ಚಲ ಬಸುರಿ. ಹೊನ್ನೂರಿನ ಗಂಡನ ಮನೆಯಿಂದ ಬಂದಾಗಿನಿಂದ ಅವಳದ್ದು ಒಂದೇ ಬಯಕೆ: ಬಿಸಿ ಮುದ್ದೆ, ಅವ್ವನ ಕೈಯ ಹುತ್ತದಣಬೆ ಸಾರು. ಬಸುರಿಯ ಬಯಕೆ ಉಳಿಸಬಾರದು. ಆದರೆ ಅಣಬೆಯೇನು ಹನೂರು ಸಂತೆಯಲ್ಲಿ ಬೇಕೆಂದಾಗ ಸಿಗುವ ಬದನೆಕಾಯಿಯೇ? ಮೊನ್ನೆ ಗುಡುಗಿತು, ನಿನ್ನೆ ಸುರಿಯಿತು, ಇವತ್ತು ಬೆಳಕು ಹರಿಯುವಷ್ಟರಲ್ಲಿ ಹೊಲದಾಚೆಯ ಹುಣಸೆ ತೋಪಿನ ಹುತ್ತದ ಮೇಲೆ ಅಣಬೆ ಕೊಡೆ ಬಿಚ್ಚಿ ನಿಂತಿತ್ತು. ಯಾರ ಕಣ್ಣಿಗೂ ಬೀಳದಂತೆ ಚಿಕ್ಕಮಾದಮ್ಮ, ಗಂಡ ಮಾದಸ್ವಾಮಿ ಇಬ್ಬರೂ ಬಿದಿರಿನ ಮಂಕರಿ ಹಿಡಿದು ಓಡಿದ್ದರು.

ಈಗ ಮನೆಯೆಲ್ಲ ಘಮಘಮ. ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಮಾಲಿನಿ ಪ್ರೇಮಾಳಿಗೆ ಕಬ್ಬಿಣಾಂಶದ ಮಾತ್ರೆ ಕೊಡಲು ಬಂದಳು. ಅವಳ ಕಣ್ಣು ಮಂಕರಿಯಲ್ಲಿ ಉಳಿದಿದ್ದ ಹಸಿ ಅಣಬೆಯ ಮೇಲೆ ಬಿತ್ತು.

“ಅಕ್ಕಾ, ಇವುಕ್ಕೆ ಬುಡಾನೇ ಇಲ್ವಲ್ಲ?”

“ಬುಡದಿಂದ ಕಿತ್ರೆ ಹುತ್ತದ ನಾಗಪ್ಪ ಮುನಿಸ್ಕಂಡಾನು ಅಂತ ಮೇಲ್ಮೇಲೆ ಮುರ್ಕಂಡು ಬಂದೋ ಕಣಮ್ಮಿ. ನಮ್ಮತ್ತೆನೂ ಅಂಗೇ ಮಾಡ್ತಿದ್ರು.”

ಮಾಲಿನಿ ಒಂದು ಅಣಬೆಯನ್ನು ಬೋರಲು ಮಾಡಿದಳು. ಕೊಡೆಯ ಕೆಳಗಿನ ಪದರ ಬೆಳ್ಳಗಿತ್ತು. ಇನ್ನೊಂದು, ಅದೂ ಬಿಳಿ. ಮತ್ತೊಂದನ್ನು ತಿರುಗಿಸಿದವಳೇ ಕೂಗಿದಳು:

“ಪ್ರೇಮಾ, ತಟ್ಟೆ ಕೆಳಗಿಡು!”

ಪದರ ಬೂದು ಹಸಿರಾಗಿತ್ತು.

ಚಿಕ್ಕಮಾದಮ್ಮ ಗಂಡನ ಕಡೆ ತಿರುಗಿದಳು. “ಪ್ರೇಮನಪ್ಪಾ, ಇದೆಲ್ಲಿದು?”

ಮಾದಸ್ವಾಮಿ ತಲೆ ಕೆರೆದುಕೊಂಡ. “ಬರೋ ದಾರೀಲಿ, ತಿಪ್ಪೆ ಮಗ್ಗುಲಲ್ಲಿ ನಿಂತಿದ್ವು. ಹುತ್ತದವಕ್ಕಿಂತ ದಪ್ಪ. ಮಗಳು ಇನ್ನೊಸಿ ಉಣ್ಲಿ ಅಂತ ಹಾಕ್ದೆ.”

“ಎಲ್ಲಾ ಒಂದೇ ತರ ಗಮ್ಮಂತಾವಲ್ಲ!” ಚಿಕ್ಕಮಾದಮ್ಮ ಬಿಡಲಿಲ್ಲ.

“ಮಲ್ಲಿಗೆ ಮಂಕರೀಲಿ ಕನಕಾಂಬರ ಇಟ್ರೆ ಅದೂ ಗಮ್ಮನ್ನದಿಲ್ವಾ ಅಕ್ಕಾ?”

“ಮತ್ತೆ ಉಂಗುರ?”

“ಅದೇ ಸಾರಲ್ಲಿ ತಿಪ್ಪೇದೂ ಬೆಂದದೆ. ಉಂಗುರ ಕಪ್ಪಾಯ್ತಾ? ಬೆಳ್ಳಿಗೆ ವಿಸ ಗೊತ್ತಾಗದಿಲ್ಲ. ಅರಿಸಿನಕ್ಕೂ ಗೊತ್ತಾಗದಿಲ್ಲ, ಬೆಳ್ಳುಳ್ಳಿಗೂ ಗೊತ್ತಾಗದಿಲ್ಲ. ಹುಳ ತಿಂದದೆ ಅಂತ ನಾವೂ ತಿನ್ನಂಗಿಲ್ಲ. ಓದ್ ವರ್ಸ ಆಚೆ ಬೀದಿ ಚಿಕ್ಕಮಾದಪ್ಪನ ಮನೆಯೋರು ವಾಂತಿ ಭೇದಿ ಆಗಿ ಆಂಬುಲೆನ್ಸಲ್ಲಿ ಓಗ್ನಿಲ್ವಾ? ಅವ್ರೂ ಉಂಗುರ ಹಾಕಿದ್ರು!”

ಚಿಕ್ಕಮಾದಮ್ಮನ ಕಣ್ಣು ಮಗಳ ಹೊಟ್ಟೆಯ ಮೇಲೆ ನಿಂತಿತು. ಇನ್ನೊಂದು ಗಳಿಗೆ ಕಳೆದಿದ್ದರೆ ತನ್ನ ಕೈಯಾರೆ ಬಡಿಸಿಬಿಡುತ್ತಿದ್ದಳು. ಪಾತ್ರೆ ಎತ್ತಿದಳು.

“ಒಳ್ಳೇವೂ ಅವಲ್ಲೇ ಅದ್ರಲ್ಲಿ!” ಎಂದ ಮಾದಸ್ವಾಮಿ.

“ಕೆಟ್ಟದ್ರ ಚೂರು ಎಲ್ಲೆಲ್ಲಿ ಸೇರ್ಕಂಡದೆ ಅಂತ ನೀ ಏಳ್ತೀಯಾ?” ಎಂದಳು ಚಿಕ್ಕಮಾದಮ್ಮ.

ಸಾರು, ಮಂಕರಿಯ ಅಣಬೆ, ಎಲ್ಲವೂ ಹಿತ್ತಿಲ ಗುಂಡಿಗೆ ಬಿತ್ತು. ನಾಯಿ, ಕೋಳಿ ಮುಟ್ಟದಂತೆ ಮೇಲೆ ಮಣ್ಣು ಎಳೆದದ್ದೂ ಆಯಿತು. ಪ್ರೇಮಾ ಮೂಗು ಒರೆಸಿಕೊಂಡಳು.

“ಅಳಬ್ಯಾಡ ಕಣೆ, ಬಿಸ್ಲು ಇನ್ನೂ ಏರಿಲ್ಲ,” ಎಂದಳು ಮಾಲಿನಿ. “ಗುದ್ದಲಿ ತಕಳಿ ಅಕ್ಕಾ, ಹುತ್ತದ ತಾವ್ಕೆ ಓಗವ.”

ಹುತ್ತದ ಓರೆಯಲ್ಲಿ ಇನ್ನಷ್ಟು ಅಣಬೆ ತಲೆಯೆತ್ತಿದ್ದವು. ಚಿಕ್ಕಮಾದಮ್ಮ ಮೊದಲು ಕೈ ಮುಗಿದಳು. ಆಮೇಲೆ ಸುತ್ತಲ ಮಣ್ಣನ್ನು ಮೆಲ್ಲಗೆ ಕೆದಕಿದಳು. ಅಣಬೆಯ ಕಾಲು ಇಲ್ಲಿಗೆ ಮುಗಿಯುತ್ತದೆ ಎಂದುಕೊಂಡರೆ ಮುಗಿಯಲೇ ಇಲ್ಲ! ಬೆಳ್ಳಗೆ, ಇಲಿಯ ಬಾಲದಂತೆ ಸಪುರವಾಗುತ್ತ ಹುತ್ತದ ಒಳಗೊಳಗೆ ಇಳಿದಿತ್ತು.

“ಅಯ್ಯೋ ನೋಡ್ರವ್ವಾ, ಬೇರು! ಇಷ್ಟ್ ವರ್ಸ ಗುರುತನ್ನೇ ಮಣ್ಣಲ್ಲಿ ಬುಟ್ಟು ಬತ್ತಿದ್ದೆ!”

ಬರುವಾಗ ತಿಪ್ಪೆಯ ಅಣಬೆಯನ್ನೂ ಕಿತ್ತು ನೋಡಿದರು. ಸುಲಭವಾಗಿ ಕೈಗೆ ಬಂತು. ಬುಡ ಊದಿಕೊಂಡಿತ್ತು, ಉದ್ದ ಬೇರಿರಲಿಲ್ಲ.

“ಹುತ್ತದ ಮೇಲೇ ಎದ್ದಿರ್ಬೇಕು, ನೆತ್ತೀಲಿ ಮೊನೆ ಇರ್ಬೇಕು, ಪದರ ಬೆಳ್ಳಗೆ ಇಲ್ಲಾ ತಿಳಿಗೆಂಪಗೆ ಇರ್ಬೇಕು, ಬೇರು ಒಳಕ್ಕಿಳಿದಿರ್ಬೇಕು,” ಎಂದಳು ಮಾಲಿನಿ. “ಒಂದು ತಪ್ಪಿದ್ರೂ ಬುಟ್ಬುಡಿ. ಎಳೇದಿದ್ದಾಗ ತಿಪ್ಪೇದೂ ಬೆಳ್ಳಗೇ ಇರ್ತದೆ, ಮೋಸ ಓಗ್ಬ್ಯಾಡಿ.”

“ನಾಗಪ್ಪ ಮುನಿಸ್ಕಂಡ್ರೆ?” ಮಾದಸ್ವಾಮಿ ಕೆಣಕಿದ.

“ತಿಪ್ಪೇದು ತಂದೋನು ಇವನೇ ಅಂತ ನಿನ್ನ ತೋರಿಸ್ತೀನಿ, ನಡಿ!”

ಹೊಸ ಸಾರು ಚೆನ್ನಾಗಿ ಬೆಂದಿತು. ಪ್ರೇಮಾ ಬೆರಳು ಚೀಪಿ ಉಂಡಳು. ಅವಳು ಕೈ ತೊಳೆಯುತ್ತಿರುವಾಗಲೇ ಪಕ್ಕದ ಮನೆಯ ರಂಗಸ್ವಾಮಿ ನಗುತ್ತ ಬಂದ. ಕೈಯಲ್ಲಿ ಬುಟ್ಟಿ ತುಂಬ ಅಣಬೆ, ಕಾಲು ಕತ್ತರಿಸಿ, ತೊಳೆದು, ಚೂರು ಮಾಡಿದ್ದು. ಬೀದಿಗೆಲ್ಲ ಘಮ.

“ಬಸುರಿ ಮಗೀಗೆ ಅಂತ್ಲೇ ತಂದೆ, ಈಸ್ಕಳವ್ವ.”

ಅಕ್ಕಂದಿರೇ, ಅಣ್ಣಂದಿರೇ, ಮಳೆ ಶುರುವಾಗಿದೆ. ಇಂಥ ಬುಟ್ಟಿ ನಿಮ್ಮ ಬಾಗಿಲಿಗೂ ಬಂದೀತು. ಬಲ್ಲವರು ಬೇರುಸಮೇತ ನೋಡಿ ಗುರುತು ಹಿಡಿದ ಅಣಬೆಯನ್ನಷ್ಟೇ ಒಲೆಗೆ ಇಡಿ. ತಿಂದ ಮೇಲೆ ವಾಂತಿ, ಭೇದಿ, ಹೊಟ್ಟೆನೋವು ಬಂದರೆ ಮನೆಮದ್ದು ಮಾಡುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಉಳಿದ ಅಣಬೆಯನ್ನೂ ಆಸ್ಪತ್ರೆಗೆ ಒಯ್ಯಿರಿ. ಕೆಲವು ವಿಷ ತಡವಾಗಿ ಏರುತ್ತದೆ, ನೆನಪಿರಲಿ. ಕೊಡುವವರು ಎಷ್ಟೇ ಬೇಕಾದವರಾಗಿರಲಿ, ಗುರುತು ಕಾಣದಿದ್ದರೆ ಚಿಕ್ಕಮಾದಮ್ಮ ಅಂದದ್ದನ್ನೇ ನೀವೂ ಅನ್ನಿ:

“ಬ್ಯಾಡ ಕಣಣ್ಣ. ತಕಂಡೋಗು.”