ಕುಂಟಿ ಬಟ್ಟೆ

ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ಹಾಸಿನಲ್ಲಿ ಎರಡು ಎಳೆ ಹರಿದಿದ್ದವು. ಅತ್ತೆ ಬೆರಳಿಗೆ ಬೂದಿ ಹಚ್ಚಿಕೊಂಡು, ತುದಿಗಳನ್ನು ಹೊಸೆದು, ಗಂಟು ಕಾಣದಂತೆ ಕೂಡಿಸಿದಳು. ತಮ್ಮನ ಮಗಳು ಉಳಿದ ಎಳೆಗಳನ್ನು ಸರಿಸಿ ಹಿಡಿದಿದ್ದಳು. ಹೊರಗೆ ಕಾರು ನಿಂತ ಸದ್ದಾಯಿತು.

"ಅಕ್ಕಾ, ವ್ಯಾಪಾರಿ ಬಂದ್ರು. ನೀನು ಒಳಗಿರು. ಮಗ್ಗದಲ್ಲಿ ಇವಳು ಕೂತ್ಕೋತಾಳೆ," ಎಂದ ತಮ್ಮ.

"ನಾನು ಕೂತ್ರೆ ಕಾಲು ಮಗ್ಗದ ಗುಂಡಿಯೊಳಗಿರುತ್ತಲ್ಲೋ, ಯಾರಿಗೆ ಕಾಣುತ್ತೆ?" ಅತ್ತೆ ನಕ್ಕಳು.

"ಎದ್ರೆ ಕಾಣುತ್ತಲ್ಲ."

ಅತ್ತೆ ಗೋಡೆ ಹಿಡಿದು ಎದ್ದು, ಎಡಗಾಲು ಎಳೆಯುತ್ತ ಒಳಗೆ ಹೋದಳು. ಬಾಗಿಲನ್ನು ತಮ್ಮನೇ ಮುಂದೆ ಮಾಡಿದ. ಮಗಳು ಮಗ್ಗಕ್ಕೆ ಕೂತಳು.

ವ್ಯಾಪಾರಿ ಮಾದರಿ ಬಟ್ಟೆಯನ್ನು ಕಿಟಕಿಗೆ ಹಿಡಿದು ನೋಡಿದ. ನಾಲ್ಕು ಬೆರಳಗಲಕ್ಕೊಂದು ಸಡಿಲ ಗೆರೆ. ಅದರಲ್ಲಿ ಬೆಳಕು ಸೋಸಿ ಬರುತ್ತಿತ್ತು. "ಪೇಟೇಲೆಲ್ಲ ಇದನ್ನ ಕುಂಟಿ ಬಟ್ಟೆ ಅಂತಾರೆ. ಯಾಕೆ ಯಜಮಾನ್ರೇ? ಬಟ್ಟೆಗೆ ಅಂಟಿಸೋ ಚೀಟಿ ಮೇಲೆ ಆ ಕಥೆ ಅಚ್ಚು ಹಾಕಿಸ್ಬೇಕು."

"ಹುಡುಗೀರು ಗೆರೆ ಎಳೆದು ಕುಂಟಾಬಿಲ್ಲೆ ಆಡಲ್ವಾ ಸ್ವಾಮಿ? ಅದೇ ಗೆರೆ. ನಮ್ಮಜ್ಜಿ ಇಟ್ಟ ಹೆಸರು."

ಅಪ್ಪನ ಮಾತಿಗೆ ಲಾಳಿಯ ಮೇಲೆ ಮಗಳ ಕೈ ನಿಂತಿತು. ನಾಲ್ಕು ಬೆರಳು ನೇಯುವಷ್ಟರಲ್ಲಿ ಸೋಲುತ್ತಿದ್ದ ಅತ್ತೆಯ ಎಡಗಾಲಿಗೆ ಮಗ್ಗದ ತುಳಿಹಲಗೆಯನ್ನು ಪೂರ್ತಿ ಒತ್ತಲಾಗುತ್ತಿರಲಿಲ್ಲ. ಆ ಗೆರೆ ಬಿದ್ದದ್ದು ಹಾಗೆ. ಮೊದಲ ಸೀರೆಯನ್ನು ಅಂಗಡಿಯವನು "ಕುಂಟಿ ನೇಯ್ದದ್ದು ಬೇಡ" ಎಂದು ವಾಪಸು ಎಸೆದಿದ್ದ. ಮರುವರ್ಷದ ಬೇಸಗೆಯಲ್ಲಿ ಗಿರಾಕಿಗಳೇ "ಆ ಕುಂಟಿದು ಕೊಡಿ, ಗಾಳಿ ಆಡುತ್ತೆ" ಎಂದು ಕೇಳತೊಡಗಿದ್ದರು.

"ಚೆನ್ನಾಗಿದೆ ಕಥೆ," ಎಂದ ವ್ಯಾಪಾರಿ. "ಎಲ್ಲಿ, ಗೆರೆ ಹೇಗೆ ಬೀಳುತ್ತೆ ತೋರ್ಸಮ್ಮ. ಕಣ್ಣಾರೆ ನೋಡಿದ್ಮೇಲೇ ವರ್ಷದ ಆರ್ಡರು."

ಅವಳು ನೇಯ್ದಳು. ನಾಲ್ಕು ಬೆರಳು, ಎಂಟು ಬೆರಳು. ಬಟ್ಟೆ ಒಂದೇ ಸಮ ಬಂತು. ಎಡಗಾಲನ್ನು ಬೇಕೆಂದೇ ಸಡಿಲ ಬಿಟ್ಟಳು. ಅಡ್ಡ ಹೋಗುವ ಹೊಕ್ಕಿನ ನೂಲು ಮುದ್ದೆಯಾಯಿತೇ ಹೊರತು ಗೆರೆ ಬೀಳಲಿಲ್ಲ.

"ಇದು ಯಂತ್ರದ ಬಟ್ಟೆ ಇದ್ದಂಗಿದೆಯಲ್ಲ?"

"ಹೊಸಬರನ್ನ ಕಂಡ್ರೆ ಇವಳಿಗೆ ಕಾಲಿನ ಲೆಕ್ಕ ತಪ್ಪುತ್ತೆ ಸ್ವಾಮಿ. ನೆಟ್ಟಗೆ ತುಳಿಯೇ!" ಅಪ್ಪ ಮಗ್ಗದ ಹತ್ತಿರ ಬಂದ.

"ನೆಟ್ಟಗೇ ತುಳೀತಿದೀನಪ್ಪ."

ವ್ಯಾಪಾರಿ ಗಡಿಯಾರ ನೋಡಿಕೊಂಡ. ಮಾದರಿ ಬಟ್ಟೆಯನ್ನು ಮಡಚಿ ಬೆಂಚಿನ ಮೇಲಿಟ್ಟ. "ನೇಯೋರು ಬೇರೆ ಯಾರಾದ್ರೂ ಇದಾರಾ?"

ಅಪ್ಪ ಒಳಬಾಗಿಲಿನತ್ತ ನೋಡಿ, ಮತ್ತೆ ಮಗ್ಗದ ಕಡೆ ತಿರುಗಿದ. ಮಗಳು ಲಾಳಿಯನ್ನು ಮಡಿಲಿಗೆ ಹಾಕಿಕೊಂಡಳು.

"ಅಪ್ಪಾ, ಅತ್ತೆನ ಕರಿ."

ಅಪ್ಪ ಬಾಗಿಲ ಕಡೆ ಹೋಗದೆ ಬಗ್ಗಿ, ಗೆರೆ ಮೂಡಿಸುವವನಂತೆ ಅವಳು ನೇಯ್ದ ಬಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ತಿಕ್ಕುತ್ತಲೇ ಇದ್ದ.