ಕೆನಡಾ ಗೆದ್ದ ದಿನದ ಗಂಟೆ

ರಾಜನಿಗೆ ಏಳು ಸಮುದ್ರವೂ ಬೇಕಿತ್ತು, ಅದನ್ನು ಗೆದ್ದುಕೊಡಲು ಬಡವರ ಮಕ್ಕಳು ಬೇಕಿತ್ತು. ಯುದ್ಧದ ಹಡಗಿಗೆ ಆಳು ಸಾಲದೆ, ಸಿಕ್ಕಿದವರನ್ನು ಎಳೆದೊಯ್ಯುವ ದಂಡು ಕಾರ್ನ್‌ವಾಲ್‌ನ ಆ ಮೀನುಗಾರರ ಊರಿಗೆ ಬಂದು ಹೆಂಡದಂಗಡಿಯಲ್ಲಿ ಬಿಡಾರ ಹೂಡಿ ಹತ್ತು ದಿನವಾಗಿತ್ತು. ಕೈಕಾಲು ಗಟ್ಟಿಯಿದ್ದ ಗಂಡಸರೆಲ್ಲ ಗುಡ್ಡದ ಹಳೆಯ ತವರದ ಗಣಿಯಲ್ಲಿ ಅಡಗಿದ್ದರು. ಚರ್ಚಿನ ಗಂಟೆ ಬಾರಿಸುವ ಮುದುಕ ಪಾಸ್ಕೊನ ಮಗ ಡೆನ್ಜಿಲ್ ಕೂಡ ಅಲ್ಲೇ ಇದ್ದ. ದಂಡು ತೊಲಗಿದೊಡನೆ ಗಂಟೆಯನ್ನು ಜೋರಾಗಿ ಬಾರಿಸಬೇಕು, ಆಗ ಇಳಿದು ಬರುತ್ತೇವೆ ಎಂದು ಮಾತಾಗಿತ್ತು. ಪಾಸ್ಕೊನ ಹಿರಿಮಗನನ್ನು ಹೀಗೇ ಎಳೆದೊಯ್ದು ನಾಲ್ಕು ವರ್ಷವಾಗಿತ್ತು. ಅವನ ಹೆಣವೂ ಬಂದಿರಲಿಲ್ಲ.

ಅಂದು ಪಾದ್ರಿ ಏದುಸಿರು ಬಿಡುತ್ತ ಬಂದ.

"ಪಾಸ್ಕೊ, ಕೆನಡಾ ನಮ್ಮದಾಯ್ತಂತೆ. ಫ್ರೆಂಚರು ಮಣ್ಣುಮುಕ್ಕಿದ್ರು. ಜೋರಾಗಿ ಗಂಟೆ ಬಾರಿಸು."

"ನಂಗೆ ಈ ಊರಲ್ಲೇ ಮೂರು ಮೊಳ ನೆಲ ಇಲ್ಲ. ಕೆನಡಾ ತಗೊಂಡು ಏನ್ಮಾಡ್ಲಿ ಸ್ವಾಮಿ?"

"ನಾಲಿಗೆ ಬಿಗಿಹಿಡಿ. ದಂಡಿನ ಸಾಹೇಬ್ರು ಹೊರಗೇ ನಿಂತಿದಾರೆ."

ಬಾರಿಸಿದರೆ ಮಗ ಇಳಿದು ಬರುತ್ತಾನೆ, ಬಾರಿಸದಿದ್ದರೆ ರಾಜದ್ರೋಹ. ಅತ್ತ ದರಿ, ಇತ್ತ ಪುಲಿ. ಮುದುಕನಿಗೆ ಒಂದು ಉಪಾಯ ಹೊಳೆಯಿತು.

"ಗೆಲ್ಲೋಕೆ ಹೋಗಿ ಸತ್ತೋರೂ ಇದಾರಲ್ಲ ಸ್ವಾಮಿ. ಮೊದ್ಲು ಅವರಿಗೆ ಬಾರಿಸ್ತೀನಿ."

ಪಾದ್ರಿಗೆ ಇಲ್ಲವೆನ್ನಲಾಗಲಿಲ್ಲ. ಪಾಸ್ಕೊ ಸಾವಿನ ಗಂಟೆ ಹಿಡಿದ. ಒಂದು ಏಟು, ಬಿಡುವು, ಮತ್ತೊಂದು ಏಟು. ಇದನ್ನು ಕೇಳಿದರೆ ಗುಡ್ಡದವರು ಅಲುಗುವುದಿಲ್ಲ, ಕತ್ತಲಾಗುವವರೆಗೂ ಹೀಗೇ ಬಾರಿಸಿದರಾಯಿತು ಎಂದುಕೊಂಡ. ಆದರೆ ಎಪ್ಪತ್ತು ವರ್ಷದ ತೋಳು ಸೋತು ಹಗ್ಗ ಕೈಜಾರಿತು.

ತುಂಬು ಬಸುರಿಯಾಗಿದ್ದ ಡೆನ್ಜಿಲ್‌ನ ಹೆಂಡತಿ ಡೆಬೊರಾ ನೀರು ಹಿಡಿದು ಬಂದಳು. ಅವಳ ಮುಖ ಬಿಳಿಚಿಕೊಂಡಿತ್ತು.

"ಮಾವ, ಇಪ್ಪತ್ತೆರಡಕ್ಕೆ ಯಾಕೆ ನಿಲ್ಲಿಸಿದ್ರಿ?"

ಆ ಊರಿನಲ್ಲಿ ಸತ್ತವರ ವಯಸ್ಸೆಷ್ಟೋ ಅಷ್ಟೇ ಏಟು. ಐವತ್ತು ವರ್ಷ ಎಣಿಸಿ ಬಾರಿಸಿದವನು ಇವತ್ತು ಎಣಿಸಿರಲಿಲ್ಲ. ಗುಡ್ಡದ ಮೇಲೆ ಎಲ್ಲರೂ ಎಣಿಸಿದ್ದರು. ಊರಿನಲ್ಲಿ ಇಪ್ಪತ್ತೆರಡರವಳು ಡೆಬೊರಾ ಒಬ್ಬಳೇ, ಅದೂ ದಿನ ತುಂಬಿದವಳು. ಇನ್ನೊಂದು ಏಟಾದರೂ ಹಾಕಲು ಮುದುಕ ಹಗ್ಗಕ್ಕೆ ಜೋತುಬಿದ್ದ. ಗಂಟೆ ಮಿಸುಕಲಿಲ್ಲ.

ಡೆನ್ಜಿಲ್ ಬರಿಗಾಲಲ್ಲಿ ಗುಡ್ಡ ಇಳಿದು, ದಂಡಿನವರ ನಡುವೆಯೇ ನುಗ್ಗಿ ಚರ್ಚಿನೊಳಗೆ ಓಡಿಬಂದ. ನಿಂತಿದ್ದ ಹೆಂಡತಿಯನ್ನು ಕಂಡ.

"ಬದುಕಿದೀಯ," ಎಂದು ಅವಳ ಕೆನ್ನೆ ಮುಟ್ಟಿ ನಕ್ಕ. ಅಪ್ಪನನ್ನು ನೋಡಿಯೂ ನಕ್ಕ. ಹಿಂದಿನಿಂದ ನಾಲ್ವರು ತೋಳು ಹಿಡಿದಾಗಲೂ ಆ ನಗು ಅವನ ಮುಖದಿಂದ ಹೋಗಿರಲಿಲ್ಲ.