ಎರಡನೇ ಬ್ರೇಕು

ನಮ್ಮ ಅಣ್ಣ ಡ್ರೈವಿಂಗ್ ಕಲಿಸುತ್ತಾನೆ. ಕಲಿಸುವ ಕಾರಿನಲ್ಲಿ ಎರಡು ಬ್ರೇಕು ಇರುತ್ತವೆ. ಒಂದು ಕಲಿಯುವವರ ಕಾಲ ಕೆಳಗೆ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂತ ಮೇಷ್ಟ್ರ ಕಾಲ ಕೆಳಗೆ. ಎದುರಿಗೆ ಲಾರಿ ಬಂದಾಗ ಕಲಿಯುವವರು ಸ್ಟಿಯರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಂಡರೂ ಗಾಡಿ ನಿಲ್ಲುವುದು ಈ ಎರಡನೆಯದರಿಂದ. ವರ್ಷಗಟ್ಟಲೆ ಅದರ ಮೇಲೆ ಕಾಲಿಟ್ಟು ಕೂತು ಅಣ್ಣನ ಬಲಗಾಲಿಗೆ ಒಂದು ಚಾಳಿ ಅಂಟಿಕೊಂಡಿದೆ. ಬಸ್ಸಿನಲ್ಲಿ ಕೂತರೂ, ಯಾರದೋ ಕಾರಿನಲ್ಲಿ ಕೂತರೂ, ತಿರುವು ಬಂದ ಕೂಡಲೇ ಬರೀ ನೆಲವನ್ನು ಒತ್ತುತ್ತಾನೆ. ಒಮ್ಮೆ ಊಟದ ಮೇಜಿನ ಕೆಳಗೆ ನನ್ನ ಪಾದವನ್ನೇ ಜಜ್ಜಿದ. ಏನಾಯಿತೋ ನಿನಗೆ ಎಂದರೆ, ನೆಂಟರ ಮಗು ಬಿಸಿ ಪಾತ್ರೆಗೆ ಕೈ ಹಾಕುವುದರಲ್ಲಿತ್ತಂತೆ.

ನಾನು ಅವನ ತಂಗಿ. ಡ್ರೈವಿಂಗ್ ಶಾಲೆಯ ಆಫೀಸು ನೋಡಿಕೊಳ್ಳುವವಳು, ಫೋನು ಎತ್ತುವವಳು. ಅಣ್ಣ ಯಾರನ್ನೂ ಬೈಯುವುದಿಲ್ಲವಾದ್ದರಿಂದ ಆ ಖಾತೆಯೂ ನನ್ನ ತಲೆಗೇ ಬಂದಿದೆ. ಅವನು ನನ್ನನ್ನು ಕರೆಯುವುದೇ ಮೆಣಸಿನಕಾಯಿ ಎಂದು.

ನಮ್ಮ ಶಾಲೆಗೆ ಸರಿಯಾದ ಬೋರ್ಡು ಇರಲಿಲ್ಲ. ಬಾಗಿಲ ಮೇಲೆ ಒಂದು ಬಟ್ಟೆಯ ಬ್ಯಾನರು ಕಟ್ಟಿದ್ದೆವು. ಬಿಸಿಲಿಗೆ ಅಕ್ಷರ ಮಾಸಿದರೆ ಇನ್ನೊಂದು ಬಟ್ಟೆ. ತಗಡಿನ ಬೋರ್ಡು ಬರೆಸೋಣ ಎಂದು ನಾನು ರಾಗ ತೆಗೆದಾಗಲೆಲ್ಲ ಅಣ್ಣ, "ಸದ್ಯಕ್ಕೆ ಇದೇ ಇರ್ಲಿ ಬಿಡು" ಅನ್ನುತ್ತಿದ್ದ. ಅವನ ಲೆಕ್ಕದಲ್ಲಿ ಈ ಕೆಲಸವೇ ಸದ್ಯಕ್ಕೆ. ಅಸಲಿ ಕೆಲಸ ದೇವರದು, ಅದಿನ್ನೂ ಬರಬೇಕಿತ್ತು.

ಇದಕ್ಕೆಲ್ಲ ಕಾರಣ ನಮ್ಮಮ್ಮ. ಅಣ್ಣ ಹುಟ್ಟಿದಾಗ ಅಳಲಿಲ್ಲವಂತೆ, ಉಸಿರೂ ಇರಲಿಲ್ಲವಂತೆ. ಅಮ್ಮ ಮಂಚದ ಮೇಲೆ ಮಲಗಿದ್ದಲ್ಲಿಂದಲೇ, ಸ್ವಾಮೀ, ಇವನನ್ನು ಉಳಿಸಿಕೊಡು, ನಿನ್ನ ಸೇವೆಗೇ ಬಿಟ್ಟುಕೊಡುತ್ತೇನೆ ಎಂದು ಬೇಡಿಕೊಂಡಳಂತೆ. ಮಗು ಕಿರುಚಿತು. ಆಮೇಲೆ ಅಮ್ಮ ಬದುಕಿರುವ ತನಕ, ಅವನು ಹಾಲು ಕುಡಿಯದಿದ್ದರೂ ಸರಿ, ಗಣಿತದಲ್ಲಿ ಫೇಲಾದರೂ ಸರಿ, "ನಿನ್ನನ್ನ ದೇವರು ಒಂದು ಕೆಲಸಕ್ಕೆ ಅಂತ ಉಳಿಸಿದಾನೆ, ಮರೀಬೇಡ" ಎನ್ನುತ್ತಿದ್ದಳು. ಅವನು ಮರೆಯಲಿಲ್ಲ. ದೇವರ ಕೆಲಸ ಎಂದರೆ ದೂರದ ಯಾವುದೋ ಜನರ ನಡುವೆ ನಿಂತು ಸುವಾರ್ತೆ ಸಾರುವುದು ಎಂದು ಅವನ ಮನಸ್ಸಿನಲ್ಲಿ ಅಚ್ಚೊತ್ತಿಬಿಟ್ಟಿತ್ತು.

ತೊಡಕು ಒಂದೇ. ನಾಲ್ಕು ಜನ ಮುಖ ನೋಡಿದರೆ ಅವನ ಬಾಯಿಗೆ ಬೀಗ ಬೀಳುತ್ತದೆ. ಚರ್ಚಿನ ಸಭಾಪಾಲಕರನ್ನು ತಯಾರು ಮಾಡುವ ಕಾಲೇಜಿಗೆ ಸೇರಿದ್ದ, ಅವರು ಜನರೆದುರು ನಿಲ್ಲಿಸಿ ಒಂದು ಪ್ರಸಂಗ ಮಾಡಿಸಿ ನೋಡಿ ಮನೆಗೆ ಕಳಿಸಿದರು. ಆದರೆ ಕಾರಿನಲ್ಲಿ ಕೂರಿಸಿ ನೋಡಿ. ಅಲ್ಲಿ ಯಾರೂ ಯಾರ ಮುಖವನ್ನೂ ನೋಡುವಂತಿಲ್ಲ, ಇಬ್ಬರ ಕಣ್ಣೂ ರಸ್ತೆಯ ಮೇಲೇ ಇರಬೇಕು. ಅಲ್ಲಿ ಅಣ್ಣನ ನಾಲಿಗೆ ನೀರು ಹರಿದಷ್ಟು ಸಲೀಸು. ಕಲಿಯುವವರದೂ ಹಾಗೇ. ಗೇರು ಬದಲಾಯಿಸುತ್ತ, ಗಂಡನಿಗೂ ಹೇಳದ್ದನ್ನು ಅವನಿಗೆ ಹೇಳಿಬಿಡುತ್ತಾರೆ. ಅವನು ಕೇಳಿಸಿಕೊಂಡು, "ಕನ್ನಡಿ ನೋಡ್ಕೊಳ್ಳಿ, ಹಿಂದೆ ಬಸ್ ಇದೆ" ಅನ್ನುತ್ತಾನೆ. ಆ ಮಾತುಗಳಲ್ಲಿ ಒಂದಾದರೂ ಆಫೀಸಿನ ತನಕ ಬಂದದ್ದಿಲ್ಲ. ನಾನು ಎಷ್ಟು ಕೆದಕಿದರೂ ಅಷ್ಟೇ.

ಹೀಗಿರುವಾಗ ನಮ್ಮಲ್ಲಿಗೆ ಬೇಕರಿ ಅಕ್ಕ ಬಂದಳು. ಅವಳೂ ಗಂಡನೂ ಸೇರಿ ಬ್ರೆಡ್ಡು ಬೇಯಿಸಿ ವ್ಯಾನಿನಲ್ಲಿ ಆಸ್ಪತ್ರೆಗೆ, ಹಾಸ್ಟೆಲಿಗೆ ಹಾಕಿಬರುತ್ತಿದ್ದರು. ಒಂದು ಬೆಳಿಗ್ಗೆ ಗಂಡ ವ್ಯಾನು ಓಡಿಸುತ್ತಿದ್ದವನು ಎದೆ ಹಿಡಿದುಕೊಂಡು ಸ್ಟಿಯರಿಂಗ್ ಮೇಲೆ ಒರಗಿದ. ವ್ಯಾನು ಮೆಲ್ಲಗೆ ಹೋಗಿ ಚರಂಡಿಗೆ ತಾಗಿ ನಿಂತಿತು. ವ್ಯಾನಿಗೆ ಗೀರೂ ಬೀಳಲಿಲ್ಲ, ಅವನು ಉಳಿಯಲಿಲ್ಲ. ಅಕ್ಕ ಪಕ್ಕದ ಸೀಟಿನಲ್ಲಿ ಬ್ರೆಡ್ಡಿನ ಟ್ರೇ ಹಿಡಿದು ಕೂತಿದ್ದಳು.

ಓಡಿಸುವವರಿಲ್ಲದೆ ಬ್ರೆಡ್ಡು ಹೋಗುವುದು ನಿಂತಿತು, ಒಲೆ ತಣ್ಣಗಾಯಿತು. ತಾನೇ ಕಲಿಯುತ್ತೇನೆಂದು ಬಂದವಳು ಕಾರಿನಲ್ಲಿ ಕೂತಳು, ಬೆಲ್ಟು ಹಾಕಿಕೊಂಡಳು, ಕೀ ಮೇಲೆ ಕೈಯಿಟ್ಟಳು. ಅಷ್ಟೇ. ತಿರುಗಿಸಲು ಆಗಲಿಲ್ಲ. ಪಾಠದ ಹೊತ್ತು ಮುಗಿಯುವ ತನಕ ಹಾಗೇ ಕೂತಿದ್ದು ಇಳಿದು ಹೋದಳು. ಮರುದಿನವೂ ಅದೇ ಕಥೆ. ವಾರಗಳು ಉರುಳಿದವು. ಕಾರು ಆಫೀಸಿನ ಮುಂದೆ ಗೋಡೆಗೆ ಮುಖ ಮಾಡಿಕೊಂಡು ನಿಂತಲ್ಲೇ ನಿಂತಿರುತ್ತಿತ್ತು, ಒಳಗೆ ಇವರಿಬ್ಬರೂ ಆ ಗೋಡೆಯನ್ನು ನೋಡುತ್ತ ಕೂತಿರುತ್ತಿದ್ದರು. ಮುಂದಿನ ಪಾಠದವರು ಬಿಸಿಲಲ್ಲಿ ಕಾದು ನನ್ನ ತಲೆ ತಿನ್ನುತ್ತಿದ್ದರು. ನಾನು ಒಂದು ದಿನ ಹೋಗಿ ಕಿಟಕಿ ಬಡಿದೆ.

"ಏನ್ ಮಾಡ್ತಿದ್ದೀರಿ ಇಬ್ರೂ?"

"ಕೂತಿದ್ದೀವಿ" ಎಂದ ಅಣ್ಣ.

"ಅದು ಕಾಣ್ತಿದೆ. ಗೋಡೆ ಏನಾದ್ರೂ ಹೇಳ್ತಾ?"

"ನೀನು ಒಳಗೆ ಹೋಗೇ ಮೆಣಸಿನಕಾಯಿ."

ನಾನು ಮುಖ ಊದಿಸಿಕೊಂಡು ಒಳಗೆ ಹೋದೆ. ಹೋಗುವಾಗ ಕಣ್ಣಿಗೆ ಬಿತ್ತು, ಎಂಜಿನ್ನೇ ಶುರುವಾಗದ ಕಾರಿನಲ್ಲಿ ಅವನ ಬಲಗಾಲು ಎರಡನೇ ಬ್ರೇಕಿನ ಮೇಲೇ ಇತ್ತು. ಅವಳಿಗೆ ಕಾಣಲಿ ಎಂದು ಇಟ್ಟುಕೊಂಡಿದ್ದ. ಆಮೇಲೆ ಒಂದು ದಿನ ನಾನು ಫೋನಿನಲ್ಲಿ ಯಾರಿಗೋ ಜೋರು ಮಾಡುತ್ತಿರುವಾಗ ಹೊರಗೆ ಎಂಜಿನ್ನಿನ ಸದ್ದು ಕೇಳಿತು. ಫೋನು ಹಾಗೇ ಇಟ್ಟು ಓಡಿಬಂದೆ. ಕಾರು ನಿಂತಲ್ಲೇ ಗುಡುಗುಡು ಎನ್ನುತ್ತಿತ್ತು. ಅಕ್ಕ ಅಳುತ್ತಿದ್ದಳು. ಅಣ್ಣ ಗೋಡೆ ನೋಡುತ್ತಿದ್ದ.

ಮುಂದಿನದೆಲ್ಲ ಸರಾಗ. ಅವಳು ಕಲಿತಳು, ಪರೀಕ್ಷೆಯೂ ಪಾಸಾಯಿತು. ಆದರೆ ಬೇಕರಿಯ ವ್ಯಾನನ್ನು ಮಾತ್ರ ಮುಟ್ಟಲಿಲ್ಲ. "ಅದರಲ್ಲಿ ನಿಮ್ಮ ಬ್ರೇಕಿಲ್ವಲ್ಲ ಮೇಷ್ಟ್ರೇ" ಎಂದಳು.

ಅದೇ ಹೊತ್ತಿಗೆ ಅಣ್ಣ ಇಷ್ಟು ವರ್ಷ ಕಾದಿದ್ದು ಬಂತು. ಮಿಷನ್ ಸಂಘದವರಿಗೆ ಸಮುದ್ರದಾಚೆಯ ಒಂದು ದ್ವೀಪಕ್ಕೆ ಸುವಾರ್ತಿಕ ಬೇಕಾಗಿತ್ತು. ಸಂಘದ ಹಿರಿಯರು ಭಾನುವಾರ ನಮ್ಮ ಚರ್ಚಿನ ಸಭೆಗೇ ಬರುತ್ತಾರೆ, ಅಣ್ಣ ಅವರೆದುರು ಪ್ರಸಂಗ ಮಾಡಬೇಕು, ಒಪ್ಪಿಗೆಯಾದರೆ ಹೊರಡಬಹುದು. ಇದು ಹೋದರೆ ಇನ್ನೊಂದಿಲ್ಲ, ವಯಸ್ಸೂ ಮೀರುತ್ತಿತ್ತು. ಅಮ್ಮನ ಹರಕೆ ಆ ಒಂದು ಭಾನುವಾರದ ಮೇಲೆ ನಿಂತಿತ್ತು.

ಆ ವಾರವಿಡೀ ಹಿಂದಿನ ಕೋಣೆಯಲ್ಲಿ ನನಗೆ ಪ್ರಸಂಗವೋ ಪ್ರಸಂಗ. ನಾನು ಎದುರು ಕೂತರೆ ಅವನ ಮಾತು ಹೊರಡುತ್ತಿರಲಿಲ್ಲ. ಕುರ್ಚಿ ತಿರುಗಿಸಿ ಅವನು ನೋಡುವ ಗೋಡೆಯನ್ನೇ ನಾನೂ ನೋಡುತ್ತ ಕೂತರೆ ನಿರರ್ಗಳ.

"ಸಭೆಯವರೆಲ್ಲ ಬೆನ್ನು ತಿರುಗಿಸಿ ಕೂರಿ ಅಂತ ಹೇಳಿಬಿಡೋಣ" ಎಂದೆ. ನಕ್ಕ. ಮತ್ತೆ ಮೊದಲಿನಿಂದ ಶುರು ಮಾಡಿದ.

ಭಾನುವಾರ ಬೇಕರಿ ಅಕ್ಕನೂ ಬಂದು ನನ್ನ ಪಕ್ಕ ಕೂತಳು. ಅವಳು ನಮ್ಮ ಸಭೆಯವಳಲ್ಲ, ಮೇಷ್ಟ್ರು ಮಾತಾಡುತ್ತಾರೆಂದು ಬಂದಿದ್ದಳು. ಅಣ್ಣ ಮರದ ವೇದಿಕೆ ಹತ್ತಿದ, ಸತ್ಯವೇದ ತೆರೆದ, "ಪ್ರಿಯರೇ" ಎಂದ. ಆಮೇಲೆ ಏನೂ ಇಲ್ಲ. ಇಡೀ ಸಭೆ ಅವನ ಮುಖ ನೋಡುತ್ತಿತ್ತು. ತುಟಿ ಅಲ್ಲಾಡಿತು, ಶಬ್ದ ಬರಲಿಲ್ಲ. ಅಷ್ಟರಲ್ಲಿ ವೇದಿಕೆಯ ಹಲಗೆ ಧಡ್ ಎಂದಿತು. ಮತ್ತೊಮ್ಮೆ ಧಡ್. ಬಲಗಾಲು ಬ್ರೇಕು ಹುಡುಕುತ್ತಿತ್ತು. ಯಾರದೋ ಮಗು ಕಿಸಕ್ಕನೆ ನಕ್ಕಿತು. ನಮ್ಮ ಸಭಾಪಾಲಕರು ದೊಡ್ಡ ಮನಸ್ಸು ಮಾಡಿ ಕೀರ್ತನೆ ಎತ್ತಿದರು, ಅಣ್ಣ ಇಳಿದು ಬಂದ. ಸಂಘದ ಹಿರಿಯರು ಹೋಗುವಾಗ ಅವನ ಭುಜ ತಟ್ಟಿ, "ದೇವರು ಒಬ್ಬೊಬ್ಬರಿಗೆ ಒಂದೊಂದು ವರ ಕೊಟ್ಟಿರ್ತಾನೆ ತಮ್ಮಾ, ಬೇಜಾರು ಮಾಡ್ಕೋಬೇಡ" ಎಂದರು. ಪಾಪ, ಒಳ್ಳೆಯ ಮಾತೇ. ಆ ಕೈಯನ್ನು ಕಚ್ಚಿಬಿಡೋಣ ಅನ್ನಿಸಿತು ನನಗೆ.

ಮನೆಗೆ ಬಂದು ಅಣ್ಣ ಮೆಟ್ಟಿಲ ಮೇಲೆ ಕೂತ. ಶೂ ಕೂಡ ಬಿಚ್ಚಲಿಲ್ಲ.

"ಅಮ್ಮ ತಪ್ಪು ತಿಳ್ಕೊಂಡಿದ್ಲು ಅನ್ಸುತ್ತೆ ಕಣೇ" ಎಂದ. "ಅವಳು ಕೊಟ್ಲು. ದೇವರು ನನ್ನನ್ನ ಬೇಕು ಅಂತ ಕೇಳೇ ಇರ್ಲಿಲ್ಲ."

ನನಗೆ ದೇವರ ಮೇಲೆ ಕೆಟ್ಟ ಸಿಟ್ಟು ಬಂತು. ಇಂಥವನು ಬೇಡವಾದರೆ ಇನ್ನೆಂಥವನು ಬೇಕು ನಿನಗೆ ಎಂದು ಮನಸ್ಸಿನಲ್ಲೇ ಜಗಳಕ್ಕೆ ನಿಂತೆ.

ಆಗ ಬೇಕರಿ ಅಕ್ಕ ಬಾಗಿಲಿಗೆ ಬಂದಳು. ಕೈಯಲ್ಲಿ ವ್ಯಾನಿನ ಕೀ.

"ಏಳಿ ಮೇಷ್ಟ್ರೇ, ವ್ಯಾನ್ ತೆಗೀಬೇಕು."

"ಇವತ್ತು ಬೇಡಮ್ಮ. ಇನ್ನೊಂದಿನ ನೋಡೋಣ."

"ಇವತ್ತೇ. ನೀವು ಅಲ್ಲಿ ಮೇಲೆ ನಿಂತಿದ್ದು ನೋಡಿದೆ. ಕೀ ತಿರುಗಿಸೋಕಾಗ್ದೆ ಕೂತಿದ್ದಾಗ ನಾನೂ ಹಾಗೇ ಇದ್ದೆ. ನೀವು ಪಕ್ಕದಲ್ಲಿ ಕೂತ್ರಿ. ಈಗ ನಿಮ್ಮ ಪಕ್ಕ ನಾನು ಕೂರೋಣ ಅಂತ ಬಂದೆ. ಸುಮ್ನೆ ಕೂರೋದು ಯಾಕೆ, ಓಡಿಸ್ಕೊಂಡೇ ಕೂರ್ತೀನಿ."

ಅಣ್ಣ ಎದ್ದು ಅವಳ ಜೊತೆ ಬೇಕರಿಗೆ ನಡೆದ. ನನ್ನನ್ನು ಯಾರೂ ಕರೆಯಲಿಲ್ಲ, ಆದರೂ ವ್ಯಾನಿನ ಹಿಂದೆ ಖಾಲಿ ಟ್ರೇಗಳ ಮಧ್ಯೆ ತೂರಿಕೊಂಡೆ. ಭಾನುವಾರದ ಬಟ್ಟೆಗೆಲ್ಲ ಹಿಟ್ಟು ಮೆತ್ತಿಕೊಂಡಿತು. ಅಕ್ಕ ಕೀ ತಿರುಗಿಸಿದಳು. ವ್ಯಾನು ಕೆಮ್ಮಿತು, ಹೊರಟಿತು. ಮೊದಲ ತಿರುವಿನಲ್ಲೇ ಅಣ್ಣ ನೆಲ ಒತ್ತಿದ.

"ಅಲ್ಲೇನೂ ಇಲ್ಲ ಮೇಷ್ಟ್ರೇ" ಎಂದಳು ಅಕ್ಕ, ರಸ್ತೆಯಿಂದ ಕಣ್ಣು ಕೀಳದೆ.

"ಕಾಲಿಗೆ ಗೊತ್ತಾಗಲ್ಲ, ಬಿಡಿ."

ಸ್ವಲ್ಪ ದೂರ ಹೋದ ಮೇಲೆ ಅವಳು ಕೇಳಿದಳು. "ಬೆಳಿಗ್ಗೆ ಏನು ಹೇಳ್ಬೇಕು ಅಂತಿದ್ರಿ?"

ಅವನು ಹೇಳತೊಡಗಿದ. ಒಂದು ಸಲವೂ ನಾಲಿಗೆ ತಡವರಿಸಲಿಲ್ಲ. ಸತ್ಯವೇದದಲ್ಲಿ ಬರುವ ಕರ್ತನ ಸೇವಕನೊಬ್ಬನ ಕಥೆ. ಅವನ ಮಾತಿಗೆ ಒಂದು ಪಟ್ಟಣಕ್ಕೆ ಪಟ್ಟಣವೇ ನೆರೆಯುತ್ತಿತ್ತು. ಆಗ ಇದೆಲ್ಲ ಬಿಟ್ಟು ಅಡವಿಯ ದಾರಿಗೆ ಹೋಗು ಎಂದು ದೇವರ ಅಪ್ಪಣೆಯಾಯಿತು. ವಾರವಿಡೀ ಹಿಂದಿನ ಕೋಣೆಯಲ್ಲಿ ಅಣ್ಣ ಒತ್ತಿ ಒತ್ತಿ ಹೇಳುತ್ತಿದ್ದದ್ದು ಇದನ್ನೇ, ಬಿಟ್ಟು ಹೋಗು, ದೂರ ಹೋಗು.

"ಆ ದಾರೀಲಿ ಒಬ್ಬ ಅಧಿಕಾರಿ ರಥದಲ್ಲಿ ಹೋಗ್ತಿದ್ದ" ಎಂದ. "ಏನೋ ಓದ್ತಿದ್ದ, ಅರ್ಥ ಆಗ್ತಿರ್ಲಿಲ್ಲ. ಯಾರಾದ್ರೂ ದಾರಿ ತೋರಿಸದಿದ್ರೆ ನನಗೆ ಹೇಗೆ ತಿಳಿಯುತ್ತೆ, ಮೇಲೆ ಬಾ ಅಂದ. ಸೇವಕ ಹತ್ತಿದ. ಹತ್ತಿ ಅವನ ಪಕ್ಕ ಕೂತ."

ಅಲ್ಲಿಗೆ ಮಾತು ನಿಂತಿತು. ಮತ್ತೆ ಬೀಗ ಬಿತ್ತೇನೋ ಎಂದು ನಾನು ಟ್ರೇಗಳ ಸಂದಿಯಿಂದ ಕತ್ತು ಚಾಚಿದೆ. ಅಣ್ಣ ತಾನು ಕೂತ ಸೀಟನ್ನು ನೋಡುತ್ತಿದ್ದ, ಅದರ ಅಂಚನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದ.

"ಆಮೇಲೆ?" ಎಂದಳು ಅಕ್ಕ.

"ಆಮೇಲೆ ದೇವರು ಆ ಸೇವಕನನ್ನ ಅಲ್ಲಿಂದ ಬೇರೆ ಕಡೆ ಕರ್ಕೊಂಡು ಹೋಗಿಬಿಟ್ಟ. ಅಧಿಕಾರಿಗೆ ಅವನು ಮತ್ತೆ ಕಾಣ್ಲಿಲ್ಲ. ಆದ್ರೂ ಖುಷಿಯಾಗಿ ತನ್ನ ದಾರಿ ಹಿಡ್ಕೊಂಡು ಹೋದ." ಅಣ್ಣ ಬೆಲ್ಟು ಬಿಚ್ಚಿದ. "ಗಾಡಿ ಪಕ್ಕಕ್ಕೆ ಹಾಕಿ."

ಅವಳು ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ನಿಲ್ಲಿಸಿದಳು. ಅವನು ಇಳಿದ. ನಾನೂ ಹಿಟ್ಟು ಕೊಡವುತ್ತ ಹಿಂದಿನಿಂದ ಇಳಿದೆ. ಅಕ್ಕನ ಮುಖ ಬಿಳಿಚಿತ್ತು.

"ಈ ಸೀಟು ಖಾಲಿ ಆಗುತ್ತಲ್ಲ" ಎಂದಳು.

"ಖಾಲಿ ಇರಲ್ಲ. ನಾನೊಬ್ಬನೇ ಕೂರೋ ಸೀಟಲ್ಲ ಅದು, ದೇವರೂ ಕೂರ್ತಾನೆ. ಹೋಗಿ ಬನ್ನಿ."

ಅವಳು ಒಂದು ಕ್ಷಣ ಆ ಸೀಟನ್ನು ನೋಡಿದಳು. ಗೇರು ಹಾಕಿದಳು. ವ್ಯಾನು ಮೆಲ್ಲಗೆ ನಮ್ಮನ್ನು ಬಿಟ್ಟು ಹೋಯಿತು. ಮುಂದೆ ಒಂದು ಕಡಿದಾದ ತಿರುವಿದೆ, ಅಲ್ಲಿ ಎದುರಿಗೆ ಬರುವ ಬಸ್ಸು ಕೊನೆಗಳಿಗೆಯ ತನಕ ಕಾಣುವುದಿಲ್ಲ. ಅಣ್ಣ ರಸ್ತೆಯ ಅಂಚಿನಲ್ಲಿ ನಿಂತು ನೋಡುತ್ತಿದ್ದ. ವ್ಯಾನು ತಿರುವಿಗೆ ಬರುತ್ತಿದ್ದಂತೆ ಅವನ ಬಲಗಾಲು ಮಣ್ಣನ್ನು ಒತ್ತಿತು. ಒತ್ತಿ ಹಿಡಿಯಿತು. ತುಟಿ ಅಲ್ಲಾಡುತ್ತಿತ್ತು. ಇಷ್ಟು ವರ್ಷ ನಾನು ಗೇಲಿ ಮಾಡಿದ ಆ ಕಾಲು ಬಸ್ಸಿನಲ್ಲಿ, ಮೇಜಿನ ಕೆಳಗೆ, ವೇದಿಕೆಯ ಮೇಲೆ ಮಾಡುತ್ತಿದ್ದದ್ದು ಪ್ರಾರ್ಥನೆಯೆಂದು ಆಗ ನನಗೆ ಗೊತ್ತಾಯಿತು. ನಮ್ಮಣ್ಣನಂಥ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ವ್ಯಾನು ಬ್ರೇಕಿನ ದೀಪ ಮಿನುಗಿಸಿ, ಅಚ್ಚುಕಟ್ಟಾಗಿ ತಿರುಗಿ ಮರೆಯಾಯಿತು. ಕೆಳಗೆ ನೋಡಿದರೆ ನನ್ನ ಕಾಲೂ ನೆಲ ಒತ್ತಿಕೊಂಡಿತ್ತು.

ನಡೆದುಕೊಂಡೇ ವಾಪಸ್ಸು ಬಂದೆವು. ಆಫೀಸಿನ ಮುಂದೆ ನಿಂತು ಅವನು ಮಾಸಿದ ಬ್ಯಾನರನ್ನು ತಲೆಯೆತ್ತಿ ನೋಡಿದ.

"ಮೆಣಸಿನಕಾಯಿ" ಎಂದ, "ನಾಳೆ ಪೇಂಟರ್‌ಗೆ ಬರೋಕೆ ಹೇಳು. ತಗಡಿನ ಬೋರ್ಡೇ ಬರೆಸಿಬಿಡೋಣ."